ಎಣ್ಣೆ ಕುಡಿದ ಪುಡಿ

“ಈ ಎಣ್ಣೆ ಸುಳ್ಳು ಹೇಳ್ತಿದೆ,” ಎಂದರು ಪ್ರಯೋಗಾಲಯದ ಮೇಡಂ, ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು.

ಪತ್ತೇದಾರ ಕಣ್ಣು ಕಿರಿದು ಮಾಡಿ ನೋಡಿದ. ನಳಿಕೆಯಲ್ಲಿದ್ದ ಎಣ್ಣೆ ಎಷ್ಟು ತಿಳಿಯಾಗಿತ್ತೆಂದರೆ ಆಚೆ ಗೋಡೆಯ ಕ್ಯಾಲೆಂಡರಿನ ಅಂಕಿಗಳು ಅದರ ಮೂಲಕವೇ ಕಾಣುತ್ತಿದ್ದವು. ಇದೇ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತಿಂದು ನೂಲಿನ ಗಿರಣಿಯ ಮೇಸ್ತ್ರಿ ಮೊನ್ನೆ ಮಧ್ಯಾಹ್ನ ಸತ್ತಿದ್ದ. ಆ ತಟ್ಟೆಯನ್ನು ಅವನ ಕೈಗೆ ಕೊಟ್ಟವಳು ಪತ್ತೇದಾರನ ಸ್ವಂತ ಅಕ್ಕ. ಅವಳೀಗ ಠಾಣೆಯ ಲಾಕಪ್ಪಿನಲ್ಲಿದ್ದಳು.

“ವಾರಪೂರ್ತಿ ಕಾದ ಎಣ್ಣೆ ಇದು ಅಂದ್ರಿ. ಹಾಗಿದ್ರೆ ಕಡು ಚಹಾದ ಬಣ್ಣ ಇರಬೇಕಿತ್ತು. ಇದು ನೋಡಿ, ಈಗ ತಾನೇ ಗಾಣದಿಂದ ಇಳಿದು ಬಂದ ಹಾಗಿದೆ.”

“ವಿಷ?”

“ಸುಳಿವೇ ಇಲ್ಲ. ಸತ್ತವರ ಹೊಟ್ಟೇಲಿ ಉಗ್ರಾಣದ ಹುಳಗಳಿಗೆ ಹೊಡೆಯೋ ಔಷಧಿ ಇದೆ, ಬಾಣಲೆಯ ಎಣ್ಣೇಲಿ ಇಲ್ಲ. ಅದಕ್ಕೇ ಇನ್ಸ್‌ಪೆಕ್ಟರು ವಿಷ ಬಿದ್ದಿದ್ದು ತಟ್ಟೆಗೆ ಅಂತ ತೀರ್ಮಾನ ಮಾಡಿರೋದು. ತಟ್ಟೆ ಮುಟ್ಟಿದ್ದು ನಿಮ್ಮ ಅಕ್ಕ ಒಬ್ಬರೇ.”

ಮೇಡಂ ಮೇಜಿನ ಮೇಲಿದ್ದ ಚಿಕ್ಕ ಬಟ್ಟಲನ್ನು ಮುಂದೆ ತಳ್ಳಿದರು. ಅದರಲ್ಲಿ ಬೂದು ಬಣ್ಣದ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ಪುಡಿಯಿತ್ತು.

“ಗಿರಣಿಗೆ ಊಟ ಕಳಿಸೋ ಆ ಅಡುಗೆಮನೆಯೋರು ಹಳೇ ಎಣ್ಣೆ ಶುದ್ಧ ಮಾಡೋದು ಇದರಿಂದ. ಇದ್ದಿಲು, ಜೇಡಿಮಣ್ಣು ಸೇರಿಸಿ ಮಾಡಿರೋದು. ಒಂದೊಂದು ಕಣದಲ್ಲೂ ಲೆಕ್ಕ ಇಲ್ಲದಷ್ಟು ತೂತು. ಬಿಸಿ ಎಣ್ಣೆ ಇದರ ಮೂಲಕ ಹಾದುಹೋದ್ರೆ ಬಣ್ಣ, ಕಮಟು ವಾಸನೆ, ಸುಟ್ಟ ಕೊಳೆ ಎಲ್ಲಾ ಕಣದ ಮೈಗೆ ಅಂಟಿಕೊಳ್ಳುತ್ತೆ. ಎಣ್ಣೆ ಮಾತ್ರ ಆಚೆ ಬರುತ್ತೆ.”

“ಬಂದ ನೆಂಟರು ಮನೇಲೇ ಉಳ್ಕೊಂಡುಬಿಡೋ ಹಾಗೆ.”

“ಹಾಗೇ ಅನ್ನಿ. ಎಣ್ಣೇಲಿ ವಿಷ ಇದ್ದಿದ್ರೆ ಅದೂ ಅಂಟಿಕೊಂಡಿರುತ್ತೆ. ಒಂದೆರಡು ಸಲ ಹಾಯಿಸಿಬಿಟ್ರೆ ನನ್ನ ಯಂತ್ರಕ್ಕೂ ಸಿಗದಷ್ಟು ಕಡಿಮೆಯಾಗುತ್ತೆ. ಆದ್ರೆ ಎಣ್ಣೆ ಕಳಕೊಂಡಿದ್ದು ಎಲ್ಲೂ ಹೋಗಿರಲ್ಲ, ಪುಡಿ ಹತ್ರಾನೇ ಇರುತ್ತೆ. ಆ ಪುಡಿ ಒಂದು ಚಿಟಿಕೆ ಸಿಕ್ಕಿದ್ರೂ ಸಾಕು...”

“ಸಿಕ್ಕಿದೆ ಮೇಡಂ,” ಎಂದ ಪತ್ತೇದಾರ. “ನಿನ್ನೆ ಸಂಜೆ ಅವರ ಎಣ್ಣೆ ಸೋಸುವ ಯಂತ್ರದ ಹೊಟ್ಟೆಯಿಂದ ಕೆರೆದು ತೆಗೆದೆ. ಅಡುಗೆಮನೆಯ ಕಾವಲುಗಾರ ಪಕ್ಕದಲ್ಲೇ ನಿಂತು ನೋಡಿದ.”

ಮೇಡಂ ಕನ್ನಡಕ ತೆಗೆದು ಅವನ ಮುಖ ನೋಡಿದರು.

“ತಂದಿಲ್ವಾ ಮತ್ತೆ?”

“ನಾನು ತಂದರೆ ನಡೆಯುತ್ತಾ? ನಾನೇ ವಿಷ ಬೆರೆಸಿ ತಂದೆ ಅಂತಾರೆ. ಇನ್ಸ್‌ಪೆಕ್ಟರೇ ಬಂದು ಮೊಹರು ಹಾಕಬೇಕು. ನಿನ್ನೆ ಇಡೀ ದಿನ ಅವರು ಕೋರ್ಟಲ್ಲಿದ್ದರು. ಇವತ್ತು ಬರ್ತೀನಿ ಅಂದಿದಾರೆ.”

“ಭದ್ರವಾಗಿದೆ ತಾನೇ?”

“ನನ್ನ ಆಫೀಸಲ್ಲಿದೆ. ಬೀಗ ಜಡಿದಿದೀನಿ, ಕೀಲಿ ಸೊಂಟದಲ್ಲಿದೆ.”

“ಹಾಗಾದ್ರೆ ನಾನೂ ಬರ್ತೀನಿ, ನಡೀರಿ,” ಎಂದು ಮೇಡಂ ತಮ್ಮ ಚೀಲಕ್ಕೆ ಕೈ ಹಾಕಿದರು. “ನಾಳೆ ಬೆಳಗ್ಗೆ ಕೋರ್ಟಲ್ಲಿ ನಿಮ್ಮ ಅಕ್ಕನ ಮೇಲೆ ಕೊಲೆ ಕೇಸು ಹಾಕ್ತಾರಂತಲ್ಲ. ಆಮೇಲೆ ನಾನು ಎಷ್ಟು ಬರೆದುಕೊಟ್ಟರೂ ವರ್ಷಗಟ್ಟಲೆ ಎಳೆಯುತ್ತೆ.”

ಅದೇ ಪತ್ತೇದಾರನ ಎದೆಯ ಮೇಲೆ ಕೂತಿದ್ದ ಕಲ್ಲು. ನಾಳೆ ಬೆಳಗ್ಗೆ ಅಕ್ಕನ ಹೆಸರಿನ ಮುಂದೆ ಕೊಲೆ ಎಂಬ ಶಬ್ದ ಬೀಳುತ್ತದೆ. ಅದಕ್ಕೆ ಮುಂಚೆ ಪುಡಿ ಬಾಯಿ ಬಿಡಬೇಕು.

ಆಟೋದಲ್ಲಿ ಕೂತಾಗ ಅವನಿಗೆ ನಿನ್ನೆಯ ಸಂಜೆಯೇ ಕಣ್ಣಿಗೆ ಕಟ್ಟುತ್ತಿತ್ತು.

ಅಕ್ಕನನ್ನು ಊರೆಲ್ಲ ಬಾಣಲೆ ಅಕ್ಕ ಎಂದೇ ಕರೆಯುತ್ತಿತ್ತು. ಗಿರಣಿಯ ಕೆಲಸಗಾರರಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆಯಲ್ಲಿ ಕರಿಯುವ ಕೋಣೆ ಅವಳದು. ಹೆತ್ತ ಮಕ್ಕಳಿಲ್ಲ, ಗಂಡನೂ ಇಲ್ಲ. ಇದ್ದದ್ದು ಆ ಬಾಣಲೆಗಳು, ಪತ್ತೇದಾರ ತಮ್ಮ, ತಾಯಿಯಿಲ್ಲದ ಅವನ ಮಗಳು. ಇಷ್ಟೇ ಅವಳ ಸಂಸಾರ.

ಗಿರಣಿಯವರ ಒಂದು ಪದ್ಧತಿಯಿತ್ತು. ಕೆಲಸಗಾರರಿಗೆ ಊಟ ಬಡಿಸುವ ಮುಂಚೆ ಮೊದಲ ತಟ್ಟೆ ಮೇಸ್ತ್ರಿಗೆ ಹೋಗಬೇಕು. ಅವನು ತಿಂದು ತಲೆ ಆಡಿಸಿದರೆ ಮಾತ್ರ ಮಿಕ್ಕವರ ಪಾಲು ಕರಿದು ಬಂಡಿಗೆ ಏರಿಸುತ್ತಿದ್ದರು. ಅದಕ್ಕೇ ಅವತ್ತು ಸತ್ತದ್ದು ಅವನೊಬ್ಬನೇ. ಅವನಿಗೂ ಅಕ್ಕನಿಗೂ ಹಿಂದಿನ ದಿನ ಎಣ್ಣೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. “ಈ ಎಣ್ಣೆಗೆ ನನಗಿಂತ ವಯಸ್ಸಾಗಿದೆಯಲ್ಲಮ್ಮ!” ಎಂದು ಅವನು ಎಲ್ಲರೆದುರು ಹಂಗಿಸಿದ್ದ. “ಇನ್ನೊಂದು ಸಲ ಹಾಗಂದ್ರೆ ನಿಮ್ಮನ್ನೇ ಇದಕ್ಕೆ ಬಿಟ್ಟು ಕರಿದುಬಿಡ್ತೀನಿ,” ಎಂದಿದ್ದಳು ಅಕ್ಕ. ಅವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಮೇಸ್ತ್ರಿಯೂ ನಕ್ಕಿದ್ದ. ಈಗ ನಕ್ಕವರೆಲ್ಲ ಅದನ್ನೇ ಮುಖ ಗಂಟು ಹಾಕಿಕೊಂಡು ಪೊಲೀಸರಿಗೆ ಒಪ್ಪಿಸಿದ್ದರು.

ಮೇಸ್ತ್ರಿ ಕುಸಿದಾಗ ಅಡುಗೆಮನೆಯ ಜನವೆಲ್ಲ ಮುಂದಿನ ಅಂಗಳಕ್ಕೆ ಓಡಿತ್ತು. ಪೊಲೀಸರು ಬಂದು ಎಣ್ಣೆ ತೆಗೆದುಕೊಳ್ಳುವ ಹೊತ್ತಿಗೆ ಯಾರೋ ಹಿಂದಿನಿಂದ ಸೋಸುವ ಯಂತ್ರ ಉರುಳಿಸಿಕೊಂಡು ಬಂದು ಕೆಲಸ ಮುಗಿಸಿಬಿಟ್ಟಿದ್ದರು. ಚಕ್ರ ಹಾಕಿದ ಕಪಾಟಿನಂಥ ಯಂತ್ರ ಅದು. ಬಾಣಲೆಯಿಂದ ಎಣ್ಣೆ ಎಳೆದು, ಪುಡಿ ತುಂಬಿದ ಹೊಟ್ಟೆಯೊಳಗೆ ಹಾಯಿಸಿ, ತಿರುಗಿ ಬಾಣಲೆಗೇ ಬಿಡುತ್ತದೆ. ವಾರದ ಕೊನೆಯ ಸಂಜೆ ಮಾಡುವ ಆ ಕೆಲಸವನ್ನು ಯಾರೋ ಮಟಮಟ ಮಧ್ಯಾಹ್ನ ಮಾಡಿದ್ದರು.

ಪೊಲೀಸರು ಬಾಣಲೆ ನೋಡಿದರು, ತಟ್ಟೆ ನೋಡಿದರು, ಕಸದ ಬುಟ್ಟಿಯನ್ನೂ ಜಾಲಾಡಿದರು. ಯಂತ್ರದ ಹೊಟ್ಟೆ ಬಿಚ್ಚುವ ಬುದ್ಧಿ ಯಾರಿಗೂ ಬರಲಿಲ್ಲ. ಪತ್ತೇದಾರ ಬಿಚ್ಚಿದ್ದ. ಒಳಗೆ ಕಪ್ಪಗೆ, ಜಿಡ್ಡುಜಿಡ್ಡಾಗಿ ಕೆಸರಿನ ಹಾಗೆ ಪುಡಿ ಕೂತಿತ್ತು.

ಅದನ್ನು ಕಂಡ ಖುಷಿಗೆ ಅವನು ಮಾಡಿದ ಮೊದಲ ಕೆಲಸ ಲಾಕಪ್ಪಿಗೆ ಓಡಿದ್ದು.

“ಅಕ್ಕಾ, ಸಿಕ್ತು! ಪುಡಿ ಸಿಕ್ತು! ಇನ್ನು ನಿನ್ನ ಕೂದಲೂ ಕೊಂಕಲ್ಲ.”

ಅಕ್ಕ ಹತ್ತಿರ ಬಂದಳು. ಸರಳು ಹಿಡಿದುಕೊಂಡು ಅವನ ಮುಖವನ್ನೇ ನೋಡಿದಳು. ಆಮೇಲೆ ಎಂದಿನ ಜೋರಿನಲ್ಲೇ ಕೇಳಿದಳು, “ಎಲ್ಲಿಟ್ಟಿದೀಯೋ ಗುಂಡಾ?”

ಗುಂಡ ಎಂಬುದು ಅವನು ದುಂಡಗಿದ್ದ ಕಾಲದ ಹೆಸರು. ಈಗ ಅಂಗಿ ಗೂಟಕ್ಕೆ ಹಾಕಿದಂತೆ ಕಾಣುವಷ್ಟು ತೆಳ್ಳಗಾಗಿದ್ದರೂ ಅಕ್ಕ ಅದನ್ನು ಬಿಟ್ಟಿರಲಿಲ್ಲ.

“ಡಬ್ಬಿಗೆ ಹಾಕಿದೀನಿ.”

“ಡಬ್ಬಿಗೆ ಹಾಕಬೇಡ. ಬೆವರಿ ಬೂಸ್ಟು ಬಂದುಬಿಡುತ್ತೆ. ಚೆನ್ನಾಗಿ ಉದುರಿಸಿ, ಹಳೇ ಹತ್ತಿ ಬಟ್ಟೇಲಿ ಸಡಿಲವಾಗಿ ಗಂಟು ಕಟ್ಟು. ಗಾಳಿ ಆಡಬೇಕು. ತಣ್ಣಗಿರೋ ಕಡೆ ಬೇಡ, ಬೆಚ್ಚಗಿರೋ ಕಡೆ ಇಡು.”

ಜೀವಮಾನವೆಲ್ಲ ಎಣ್ಣೆಯ ಜೊತೆ ಬಾಳಿದವಳು ಹೇಳಿದ ಮೇಲೆ ಇನ್ನೇನು? ಅವನು ಅಕ್ಷರಶಃ ಹಾಗೇ ಮಾಡಿದ್ದ. ತನ್ನ ಹಳೇ ಪಂಚೆ ಹರಿದು, ಪುಡಿಯನ್ನು ಉದುರುದುರಾಗಿ ಮಾಡಿ ಗಂಟು ಕಟ್ಟಿ, ಆಫೀಸಿನ ತಗಡಿನ ಮಾಡಿನ ಕೆಳಗಿರುವ ಅಟ್ಟದ ಮೇಲೆ ಇಟ್ಟು ಬಂದಿದ್ದ. ಬೇಸಿಗೆಯಲ್ಲಿ ಆ ಅಟ್ಟದ ಮೇಲೆ ಇಲಿಗಳೂ ಬಿಸಿ ತಾಳಲಾರದೆ ಇಳಿದು ಬರುತ್ತಿದ್ದವು. ಅದಕ್ಕಿಂತ ಬೆಚ್ಚಗಿನ ಜಾಗ ಊರಿನಲ್ಲೇ ಇರಲಿಲ್ಲ.

ಬೆಳಗ್ಗೆ ಮನೆ ಬಿಡುವಾಗ ಮಗಳಿಗೂ ಈ ಸಂತೋಷದ ಸುದ್ದಿ ಹೇಳಿದ್ದ. ಅದೇ ಅಡುಗೆಮನೆಯ ಉಗ್ರಾಣ ನೋಡಿಕೊಳ್ಳುವ ಕೆಲಸ ಅವಳದು, ಅತ್ತೆಯೇ ಸೇರಿಸಿದ್ದು. ಮೊನ್ನೆಯಿಂದ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಎದ್ದಿರಲಿಲ್ಲ. ಮುಂದೆ ಇಟ್ಟ ತಟ್ಟೆ ಹಾಗೇ ಆರುತ್ತಿತ್ತು. ಅತ್ತೆಯ ಮೇಲೆ ಪ್ರಾಣವಿಟ್ಟ ಹುಡುಗಿ, ಪಾಪ, ಎಂದುಕೊಂಡಿದ್ದ.

“ಪುಡೀಲಿ ಏನಾದ್ರೂ ಇದ್ದೇ ಇರುತ್ತಾ ಅಪ್ಪಾ?” ಎಂದು ಅವಳು ಗೋಡೆಗೇ ಕೇಳಿದ್ದಳು.

“ಇದ್ದೇ ಇರುತ್ತೆ ಮಗಳೇ. ನಾಳೆ ನಿನ್ನ ಅತ್ತೆ ಮನೇಲಿರ್ತಾಳೆ. ಎದ್ದು ಎರಡು ತುತ್ತು ತಿನ್ನು.”

ಅವಳು ಎದ್ದಿರಲಿಲ್ಲ.

ಆಟೋ ನಿಂತಾಗ ಠಾಣೆಯ ಮುಂದಿನ ಬೆಂಚಿನ ಮೇಲೆ ಅಡುಗೆಮನೆಯ ಯಜಮಾನ ಕೂತಿದ್ದ, ಕರವಸ್ತ್ರವನ್ನು ಮಡಿಸುತ್ತ, ಬಿಚ್ಚುತ್ತ. ಪತ್ತೇದಾರನಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಎಣ್ಣೆ ವಿಷಯದಲ್ಲಿ ಊರಿಗೇ ಹೆಸರಾದ ಜಿಪುಣ. ಒಂದೇ ಎಣ್ಣೆಯನ್ನು ಸೋಸಿ ಸೋಸಿ ವಾರಗಟ್ಟಲೆ ಓಡಿಸುವವನು. ಗಿರಣಿಯ ಊಟದ ಗುತ್ತಿಗೆ ತಪ್ಪುತ್ತದೆಂದು ಹೆದರಿ ಯಂತ್ರ ಓಡಿಸಿದವನು ಇವನೇ ಎಂದು ಪತ್ತೇದಾರ ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು.

“ಯಜಮಾನ್ರೇ, ಮೇಸ್ತ್ರಿ ಬಿದ್ದಾಗ ನೀವೆಲ್ಲಿದ್ರಿ?”

“ಎಷ್ಟು ಸಲ ಹೇಳಬೇಕು ನಿಮಗೆ? ಮುಂದಿನ ಕೋಣೇಲಿ ಆಂಬುಲೆನ್ಸಿಗೆ ಫೋನು ಮಾಡ್ತಿದ್ದೆ. ಗಿರಣಿಯ ಗುಮಾಸ್ತರು ಪಕ್ಕದಲ್ಲೇ ಇದ್ದರು. ಪೊಲೀಸ್ನೋರು ಬರೋವರೆಗೂ ಆ ಮನುಷ್ಯ ನನ್ನ ಕೈ ಬಿಟ್ಟಿಲ್ಲ. ಅವರಿಗೇ ತಲೆ ಸುತ್ತು ಬಂದಿತ್ತು.”

ಗುಮಾಸ್ತನೂ ಅದನ್ನೇ ಹೇಳಿದ್ದ. ಪತ್ತೇದಾರನಿಗೆ ಅದು ನುಂಗಲಾರದ ತುತ್ತು.

“ಹುಳದ ಔಷಧಿ ಎಣ್ಣೆಗೆ ಹೇಗೆ ಬರುತ್ತೆ?”

“ಬಂದಿದೆ ಅಂತ ನೀವು ಹೇಳ್ತಿರೋದು. ಇನ್ಸ್‌ಪೆಕ್ಟರು ಇಲ್ಲ ಅಂತಾರೆ.” ಯಜಮಾನ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. “ಹಿಂದಿನ ದಿನ ಉಗ್ರಾಣಕ್ಕೆ ಔಷಧಿ ಹೊಡೆಸಿದ್ದು ನಿಜ. ಉಳಿದಿದ್ದನ್ನ ಖಾಲಿ ಎಣ್ಣೆ ಡಬ್ಬಿಗೆ ತುಂಬಿಸಿ ಇಟ್ಟಿದ್ದೂ ನಿಜ. ಖಾಲಿ ಡಬ್ಬಿ ಬಿಸಾಕೋಕೆ ನಮ್ಮಲ್ಲಿ ಯಾರಿಗೂ ಮನಸ್ಸು ಬರಲ್ಲ. ಬೇಳೆಗೂ ಅದೇ, ಸೋಪಿನ ನೀರಿಗೂ ಅದೇ.”

“ಎಣ್ಣೆ ಡಬ್ಬಿ ಪಕ್ಕದಲ್ಲೇ ಇಟ್ಟಿದ್ರಾ?”

“ಇಟ್ಟಿದ್ದು ನಾನಲ್ಲ. ನಾನು ಉಗ್ರಾಣದೊಳಗೆ ಕಾಲಿಟ್ಟು ಎಷ್ಟು ಕಾಲ ಆಯ್ತೋ. ಎಣ್ಣೆ ಡಬ್ಬಿ, ಪುಡಿ ಮೂಟೆ ಎಲ್ಲಾ ಅಲ್ಲೇ ಇರೋದು. ಅದರ ಕೀಲಿ ಯಾರ ಹತ್ರ ಇರುತ್ತೆ ಅಂತ ನಿಮಗೆ ಗೊತ್ತಿಲ್ವಾ?”

ಯಜಮಾನ ಹಾಗೆಂದು ಒಂದು ಥರ ನೋಡಿದ.

“ಮೊಳೆಗೆ ನೇತುಹಾಕಿರ್ತಾರೆ. ಯಾರು ಬೇಕಾದ್ರೂ ತಗೋಬಹುದು,” ಎಂದ ಪತ್ತೇದಾರ ಸಿಡುಕಿನಿಂದ. ಊರವರ ಮನೆಯ ಗುಟ್ಟನ್ನು ಬಾಗಿಲ ಸಂದಿಯಿಂದಲೇ ಹಿಡಿಯಬಲ್ಲ ಮಹಾಶಯ ಅವನು. ಆದರೂ ಆ ನೋಟ ಏನು ಹೇಳುತ್ತಿದೆ ಎಂದು ತಿರುಗಿ ಕೇಳಲಿಲ್ಲ.

ಅಷ್ಟರಲ್ಲಿ ಇನ್ಸ್‌ಪೆಕ್ಟರು ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತ ಹೊರಗೆ ಬಂದರು. ಈ ಮನುಷ್ಯ ಕಿವಿ ಕೆರೆಯುವಾಗ ಯಾರ ಮಾತೂ ಕೇಳಿಸುತ್ತಿಲ್ಲವೆಂದು ಎದುರಿನವರು ಅಂದುಕೊಳ್ಳುತ್ತಿದ್ದರು. ಅವರಿಗೆ ಬೇಕಾದದ್ದೂ ಅದೇ.

“ನಡೀರಿ ಸ್ವಾಮಿ, ನಿಮ್ಮ ಪುಡಿ ಮಹಾತ್ಮೆ ನೋಡೋಣ,” ಎಂದರು. “ನನಗೇನು ಬಾಣಲೆ ಅಕ್ಕನ್ನ ಒಳಗೆ ಕೂರಿಸೋದು ಖುಷಿ ಅಂದ್ಕೊಂಡ್ರಾ? ಆಕೆ ಕರಿದಿದ್ದು ತಿಂದು ತಿಂದೇ ಈ ಹೊಟ್ಟೆ ಬಂದಿರೋದು. ಪುಡೀಲಿ ವಿಷ ಇದೆ ಅಂತ ಮೇಡಂ ಹೇಳಲಿ, ಸಂಜೆಯೊಳಗೆ ನಾನೇ ಆಟೋ ಹತ್ತಿಸಿ ಕಳಿಸ್ತೀನಿ.”

ಆ ಮಾತು ಕೇಳಿ ಪತ್ತೇದಾರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅದೇ ಅವತ್ತಿನ ಕೊನೆಯ ಸುಖ.

ಅವನ ಆಫೀಸು ಒಂದು ಸೈಕಲ್ ಶಾಪಿನ ಮೇಲಿನ ಒಂಟಿ ಕೋಣೆ. ಮೂವರೂ ಆಟೋ ಇಳಿಯುವಷ್ಟರಲ್ಲಿ ಸೈಕಲ್ ಶಾಪಿನವನು ಪಂಪು ಕೈಯಲ್ಲಿ ಹಿಡಿದುಕೊಂಡೇ ಎದುರು ಬಂದ.

“ಸಾರ್, ಮೇಲೆ ಏನಾದ್ರೂ ಒಲೆ ಮೇಲಿಟ್ಟು ಮರೆತಿದೀರಾ? ಬೆಳಗ್ಗಿಂದ ಸೀದ ವಾಸನೆ.”

“ನನ್ನ ಹತ್ರ ಒಲೆ ಎಲ್ಲಿದೆಯಪ್ಪ?”

ಹೇಳಿ ಮುಗಿಸುವ ಮುಂಚೆಯೇ ಅವನ ಮೂಗಿಗೂ ಅದು ಬಡಿಯಿತು. ಹಳೇ ಎಣ್ಣೆ ಸೀದ ವಾಸನೆ. ಮೆಟ್ಟಿಲುಗಳನ್ನು ಹಾರಿ ಹಾರಿ ಹತ್ತಿದ.

ಬೀಗ ಹಾಕಿದಂತೆಯೇ ಇತ್ತು. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಬಾಗಿಲ ಮೇಲೆ ಒಂದು ಗೀರೂ ಇರಲಿಲ್ಲ. ಆತುರಕ್ಕೆ ಕೀಲಿ ಎರಡು ಸಲ ಜಾರಿತು, ಕೊನೆಗೆ ಇನ್ಸ್‌ಪೆಕ್ಟರೇ ಕಸಿದುಕೊಂಡು ಬಾಗಿಲು ತೆಗೆದರು.

ಒಳಗೆ ಹೊಗೆ ಸೊಂಟದೆತ್ತರಕ್ಕೆ ಇಳಿದು ನಿಂತಿತ್ತು.

ಪತ್ತೇದಾರ ಕುರ್ಚಿ ಎಳೆದು ಅಟ್ಟಕ್ಕೆ ಕೈ ಚಾಚಿದ. ಪಂಚೆಯ ಗಂಟು ಇರಲಿಲ್ಲ. ಅದಿದ್ದ ಜಾಗದಲ್ಲಿ ಹಲಗೆ ಕರಕಾಗಿ, ಮಧ್ಯೆ ತೂತು ಬಿದ್ದು, ಸುತ್ತ ಬೂದಿ ಗುಪ್ಪೆಯಾಗಿತ್ತು. ಬೂದಿಯ ಒಳಗಿನ್ನೂ ಕೆಂಡದ ಹಾಗೆ ಏನೋ ಮಿನುಗುತ್ತಿತ್ತು. ಅವನು ಹಿಂದೆ ಮುಂದೆ ನೋಡದೆ ಎರಡೂ ಕೈ ಹಾಕಿ ಬಾಚಿಕೊಂಡ.

“ಬಿಡ್ರೀ! ಕೈ ಸುಡುತ್ತೆ!” ಮೇಡಂ ಕೂಗಿದರು.

“ಸ್ವಲ್ಪವಾದ್ರೂ ಉಳಿದಿರುತ್ತೆ ಮೇಡಂ. ಒಂದು ಚಿಟಿಕೆ ಸಾಕು ಅಂದಿದ್ರಲ್ಲ. ತಗೊಳ್ಳಿ. ಇದನ್ನ ತಗೊಳ್ಳಿ.”

ಅವನು ಕುರ್ಚಿಯ ಮೇಲೆ ನಿಂತು ಬೊಗಸೆ ಒಡ್ಡಿದ. ಬೆರಳುಗಳು ಸುಟ್ಟು ಕೆಂಪಾಗುತ್ತಿದ್ದವು, ಅದು ಅವನಿಗೆ ತಿಳಿಯಲೇ ಇಲ್ಲ. ಮೇಡಂ ಮೆಲ್ಲಗೆ ಅವನ ಬೊಗಸೆಯನ್ನು ಬೋರಲು ಮಾಡಿದರು.

“ಇದರಲ್ಲಿ ಏನೂ ಉಳಿದಿಲ್ಲ. ವಿಷ ಇತ್ತೋ ಇಲ್ಲವೋ, ಇಷ್ಟು ಬಿಸಿಗೆ ಹೊಗೆಯಾಗಿ ಹೋಗಿದೆ. ನಾನು ಏನಂತ ಬರೆದುಕೊಡಲಿ?”

ಇನ್ಸ್‌ಪೆಕ್ಟರು ಕೋಣೆಯ ಸುತ್ತ ಒಮ್ಮೆ ನಡೆದರು. “ಬೀಗ ನಿಮ್ಮದು. ಕೀಲಿ ನಿಮ್ಮ ಸೊಂಟದಲ್ಲಿ. ಒಳಗೆ ಯಾರೂ ಬಂದಿಲ್ಲ. ಬೆಂಕಿ ಹಾಕಿದ್ದು ಯಾರು ಸ್ವಾಮಿ? ಇಲಿನಾ?”

“ಯಾರೂ ಹಾಕಬೇಕಾಗಿಲ್ಲ,” ಎಂದರು ಮೇಡಂ. “ಎಣ್ಣೆ ಕುಡಿದ ಪುಡಿ ತಾನಾಗೇ ಬಿಸಿಯಾಗುತ್ತೆ. ಕಣ ಕಣಕ್ಕೂ ಎಣ್ಣೆ ಹರಡಿರುತ್ತೆ, ಗಾಳಿ ತಾಗಿದ್ರೆ ಒಳಗೊಳಗೇ ಕಾವು ಏರುತ್ತೆ. ಯಂತ್ರದ ಹೊಟ್ಟೇಲಿ ಗಾಳಿ ಇರಲಿಲ್ಲ, ಅದಕ್ಕೇ ತಣ್ಣಗಿತ್ತು. ಇವರು ಅದನ್ನ ಉದುರಿಸಿ, ಬಟ್ಟೇಲಿ ಕಟ್ಟಿ, ತಗಡಿನ ಕೆಳಗೆ ಇಟ್ಟಿದಾರೆ. ಕಡ್ಡಿ ಗೀರಿ ಇಟ್ಟಿದ್ರೂ ಒಂದೇ, ಹೀಗಿಟ್ಟಿದ್ರೂ ಒಂದೇ.”

“ಇದು ಎಲ್ಲರಿಗೂ ಗೊತ್ತಿರೋ ವಿಷಯಾನಾ?”

“ನಿಮಗೆ, ಇವರಿಗೆ ಗೊತ್ತಿರಲ್ಲ. ಕರಿಯೋ ಕೆಲಸದೋರಿಗೆ ಮೊದಲ ದಿನವೇ ಹೇಳಿಕೊಡ್ತಾರೆ. ಬಳಸಿದ ಪುಡಿಗೆ ನೀರು ಹಾಕಿ, ಮುಚ್ಚಳ ಇರೋ ಡ್ರಮ್ಮಿಗೆ ತುಂಬಬೇಕು ಅಂತ.” ಮೇಡಂ ಪತ್ತೇದಾರನ ಕಡೆ ತಿರುಗಿದರು. “ಹೀಗೆ ಕಟ್ಟಿಡಿ ಅಂತ ಯಾರು ಹೇಳಿದ್ರು ನಿಮಗೆ?”

ಪತ್ತೇದಾರನ ಕಣ್ಣ ಮುಂದೆ ಆ ಅಡುಗೆಮನೆಯ ಹಿತ್ತಿಲು ಬಂತು. ಯಂತ್ರದ ಪಕ್ಕ ಕೆಂಪು ಮುಚ್ಚಳದ ಡ್ರಮ್ಮು. ಮುಚ್ಚಳ ಒಂದು ಚೂರು ಓರೆಯಾದರೂ ಅಕ್ಕ ಎಲ್ಲರ ಜನ್ಮ ಜಾಲಾಡುತ್ತಿದ್ದಳು. “ಮನೆ ಸುಡ್ತೀರಾ, ಮುಂಡೇವಾ!” ಎಂದು ಅವಳು ಕೂಗಿದ್ದನ್ನು ಅವನೇ ಎಷ್ಟೋ ಸಲ ಕೇಳಿದ್ದ. ಏಕೆಂದು ಒಂದು ದಿನವೂ ಕೇಳಿರಲಿಲ್ಲ.

“ಯಾರೂ ಹೇಳಲಿಲ್ಲ,” ಎಂದ. “ನನಗೇ ಹಾಗೆ ತೋಚಿತು.”

ಇನ್ಸ್‌ಪೆಕ್ಟರು ಕಿವಿ ಕೆರೆದುಕೊಳ್ಳುತ್ತಿದ್ದರು.

ಲಾಕಪ್ಪಿನಲ್ಲಿ ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮಧ್ಯಾಹ್ನದ ಬಿಸಿಲು ಕಿಂಡಿಯಿಂದ ಬಂದು ಅವಳ ಪಾದದ ಮೇಲೆ ಬಿದ್ದಿತ್ತು. ಜೀವನವಿಡೀ ನಿಂತೇ ಕೆಲಸ ಮಾಡಿದವಳು ಹೀಗೆ ಕೂತದ್ದನ್ನು ಪತ್ತೇದಾರ ಹಿಂದೆಂದೂ ನೋಡಿರಲಿಲ್ಲ. ಪೇದೆ ಬಾಗಿಲ ತನಕ ಬಿಟ್ಟು ಹೋದ.

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿ ತೆರೆಯುವ ಮುಂಚೆಯೇ ಅಕ್ಕ ಕೇಳಿದಳು.

“ಪೂರ್ತಿ ಉರೀತಾ?”

ಅವನು ಸರಳು ಹಿಡಿದುಕೊಂಡ. ಸುಟ್ಟ ಬೆರಳುಗಳಿಗೆ ಕಬ್ಬಿಣ ತಾಗಿ ಜೀವ ಹೋದಂತಾಯಿತು.

“ನಿನಗೆ ಹೇಗೆ...”

“ಕೈ ನೋಡ್ಕೋ. ಬೆರಳೆಲ್ಲ ಬೊಬ್ಬೆ. ಪೂರ್ತಿ ಉರೀತಾ ಅಂತ ಕೇಳ್ದೆ.”

“ಪೂರ್ತಿ.”

ಅಕ್ಕ ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟಳು. ತುಂಬ ಹೊತ್ತಿನಿಂದ ಹೊತ್ತಿದ್ದ ಮೂಟೆ ಇಳಿಸಿದವಳ ಉಸಿರು ಅದು.

“ನಿನ್ನನ್ನ ಬಿಡಿಸೋಕೆ ನನ್ನ ಹತ್ರ ಇದ್ದಿದ್ದು ಅದೊಂದೇ ಅಕ್ಕಾ!”

“ಗೊತ್ತು.”

“ಗೊತ್ತಿದ್ದೂ ಹಾಗೆ ಹೇಳಿದೆಯಾ?”

“ಗೊತ್ತಿದ್ದೇ ಹೇಳಿದ್ದು. ಬೈಯೋದಾದ್ರೆ ಬೈದುಬಿಡು.”

ಅವನಿಗೆ ಬೈಯಲೂ ಬರಲಿಲ್ಲ, ಅಳಲೂ ಬರಲಿಲ್ಲ. ಜಗತ್ತಿನಲ್ಲಿ ಯಾರನ್ನಾದರೂ ಅಡ್ಡ ಪ್ರಶ್ನೆ ಕೇಳಿ ತಬ್ಬಿಬ್ಬು ಮಾಡಬಹುದು, ಎದೆಹಾಲಿನ ಹೊರತು ಮಿಕ್ಕೆಲ್ಲವನ್ನೂ ಉಣಿಸಿ ಬೆಳೆಸಿದ ಅಕ್ಕನನ್ನು ಏನೆಂದು ಕೇಳುವುದು? ಆದರೂ ಕೇಳಿದ.

“ವಿಷ ನೀನೇ ಹಾಕಿದೆಯಾ?”

“ನನ್ನ ಮುಖ ನೋಡಿ ಕೇಳು.”

ಅವನಿಂದ ಆಗಲಿಲ್ಲ. ನೆಲ ನೋಡುತ್ತ ನಿಂತ.

“ಹಾಗಾದ್ರೆ ಯಾರನ್ನ ಕಾಯ್ತಿದೀಯ? ಯಜಮಾನನ್ನಾ? ಆ ಜಿಪುಣನಿಗೋಸ್ಕರ ಜೈಲಿಗೆ ಹೋಗ್ತೀಯಾ?”

ಅಕ್ಕ ನಕ್ಕಳು. ಹಳೆಯ ನಗುವೇ. “ಅವನಿಗೋಸ್ಕರ ನಾನು ಒಂದು ಸೌಟು ಎಣ್ಣೆಯನ್ನೂ ಚೆಲ್ಲಲ್ಲ.”

“ಮತ್ತೆ?”

ಅವಳು ಗೋಡೆ ಹಿಡಿದು ಕಷ್ಟಪಟ್ಟು ಎದ್ದು ಸರಳಿನ ಹತ್ತಿರ ಬಂದಳು. ದನಿ ತಗ್ಗಿಸಿದಳು.

“ಅವತ್ತು ಮೇಸ್ತ್ರಿ ತಲೆ ನನ್ನ ತೊಡೆ ಮೇಲಿತ್ತು ಗುಂಡಾ. ಅಮ್ಮಾ ಅಂತ ಒಂದೇ ಸಲ ಅಂದ, ಅಷ್ಟೇ. ಎದ್ದು ಒಳಗೆ ಬಂದೆ. ಬಾಣಲೆ ನೋಡಿದೆ. ಎಣ್ಣೆ ಕನ್ನಡಿ ಥರ ಹೊಳೀತಿತ್ತು. ಯಂತ್ರದ ಪೈಪು ಯಾವತ್ತಿನ ಹಾಗೆ ಎಡಗಡೆಗೆ ಸುತ್ತಿರಲಿಲ್ಲ, ಬಲಗಡೆಗೆ ಸುತ್ತಿತ್ತು. ಆ ಥರ ಸುತ್ತೋರು ಆ ಮನೇಲಿ ಒಬ್ಬರೇ. ಎಷ್ಟು ಬೈದ್ರೂ ತಿದ್ದಿಕೊಳ್ಳಲಿಲ್ಲ, ಎಡಗೈ ಅಭ್ಯಾಸ.”

ಪತ್ತೇದಾರ ತಲೆ ಎತ್ತಿದ.

“ಬೇಕು ಅಂತ ಮಾಡಿದ್ದಲ್ಲ ಕಣೋ. ಎಣ್ಣೆ ಕಡಿಮೆಯಾಗಿದೆ, ಒಂದು ಡಬ್ಬಿ ತಗೊಂಡು ಬಂದು ಬಾಣಲೆಗೆ ಸುರಿ ಅಂತ ನಾನೇ ಕೂಗಿ ಹೇಳಿದ್ದು. ಡಬ್ಬಿ ಎಲ್ಲಾ ಒಂದೇ ಥರ. ಪುಡಿ ಬಾಯಿ ಬಿಟ್ಟಿದ್ರೆ ನಾನು ಆಚೆ ಬರ್ತಿದ್ದೆ, ನಿಜ. ನನ್ನ ಜಾಗಕ್ಕೆ ಇಲ್ಲಿ ಯಾರು ಬಂದು ಕೂರ್ತಿದ್ರು ಅಂತ ಯೋಚನೆ ಮಾಡು.”

ಅವನು ಯೋಚನೆ ಮಾಡಬೇಕಾಗಿರಲಿಲ್ಲ. ಉಗ್ರಾಣದ ಕೀಲಿ, ಯಜಮಾನನ ಆ ನೋಟ, ಎಡಗೈಯಲ್ಲೇ ಪೆನ್ಸಿಲು ಹಿಡಿದು ಕಲಿತ ಪುಟ್ಟ ಮಗು, ಗೋಡೆಗೆ ಮುಖ ಮಾಡಿ ಕೇಳಿದ ಆ ಪ್ರಶ್ನೆ. ಎಲ್ಲ ಒಂದರ ಹಿಂದೆ ಒಂದು ಬಂದು ಅವನ ಮುಂದೆ ನಿಂತವು. ಅಕ್ಕನನ್ನು ಬಿಡಿಸಬೇಕಾದರೆ ಯಾರ ಹೆಸರು ಹೇಳಬೇಕು ಎಂದು ಅವನಿಗೆ ಈಗ ಗೊತ್ತು. ಗೊತ್ತಾದದ್ದೇ ಅವನ ಪಾಲಿಗೆ ಶಿಕ್ಷೆಯಾಯಿತು.

“ಅಕ್ಕಾ...” ಎಂದ.

ಅಕ್ಕ ಸರಳಿನ ನಡುವಿನಿಂದ ಕೈ ಚಾಚಿ ಅವನ ಬೊಬ್ಬೆ ಎದ್ದ ಬೆರಳುಗಳನ್ನು ತನ್ನ ಸೆರಗಿನಲ್ಲಿ ಹಗುರವಾಗಿ ಹಿಡಿದುಕೊಂಡಳು.

“ಮನೆಗೆ ಹೋಗು. ಏನೂ ಕೇಳಬೇಡ, ಗದರಬೇಡ. ಮಗು ಮೊನ್ನೆಯಿಂದ ಒಂದು ತುತ್ತಾದ್ರೂ ತಿಂದಿದಾಳೋ ಇಲ್ವೋ, ಅದನ್ನ ನೋಡು ಮೊದಲು.”

ಹಿಂದೆ ಕಡ್ಡಿಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಪತ್ತೇದಾರ ತಿರುಗಿದ. ಬಾಗಿಲಲ್ಲಿ ಇನ್ಸ್‌ಪೆಕ್ಟರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಮುಖದಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

“ನಿಮಗೆ ಮಕ್ಕಳಿಲ್ಲ ಅಂತ ಊರಿಗೆಲ್ಲ ಗೊತ್ತು,” ಎಂದರು ಅವರು, ತುಂಬ ಮೆತ್ತಗೆ. “ಯಾವ ಮಗು, ಅಕ್ಕಾ?”